ಶ್ರಾವಣದಲ್ಲಿ ಏರಿದ ಲಿವರ್ ರಿಪೋರ್ಟ್

ನಾನು ದವಾಖಾನೆ ಮುಚ್ಚಲು ಇನ್ನೆರಡು ವರ್ಷ ಬಾಕಿ ಇದ್ದಾಗಿನ ಮಾತು. ಗದಗಿನಲ್ಲಿ ಫಿಜಿಷಿಯನ್ ಆಗಿದ್ದೆ. ಜೊತೆಗೆ ಮುಂಡರಗಿ ಕಡೆಯ ಗುಡ್ಡದಲ್ಲಿ ಗಾಳಿಯಂತ್ರ ನಿಲ್ಲಿಸುತ್ತಿದ್ದ ಕೊರಿಯಾದ ಕಂಪನಿಯೊಂದಕ್ಕೆ ಪ್ಯಾನಲ್ ಡಾಕ್ಟರ್. ಆರು ತಿಂಗಳಿಗೊಮ್ಮೆ ಅವರ ನೌಕರರ ರಕ್ತ, ಎದೆ, ಕಣ್ಣು ನೋಡಿ, ಗೋಪುರ ಹತ್ತಲು ಯೋಗ್ಯರೋ ಅಲ್ಲವೋ ಎಂದು ಸಹಿ ಹಾಕುವ ಕೆಲಸ. ಸೈಟಿನಲ್ಲಿ ಕೊರಿಯಾದವರು ನಾಲ್ವರು, ನಮ್ಮ ಭಾಗದ ಎಂಜಿನಿಯರುಗಳು ಏಳು ಮಂದಿ. ಆ ಏಳರಲ್ಲಿ ಮಹಾಂತೇಶ ನನ್ನ ಅಕ್ಕನ ಮಗ. ಚೆನ್ನೈಯಲ್ಲಿ ಕೊರಿಯನ್ನರ ಕಾರ್ಖಾನೆಯಲ್ಲಿ ಐದು ವರ್ಷ ದುಡಿದು ಅವರ ಭಾಷೆ ಕಲಿತಿದ್ದ. ಇಲ್ಲಿ ಎಂಜಿನಿಯರೂ ಅವನೇ, ದುಭಾಷಿಯೂ ಅವನೇ. ಅವನನ್ನು ತೆಗೆದುಕೊಳ್ಳಿ ಎಂದು ಶಿಫಾರಸು ಮಾಡಿದವನು ನಾನು.

ಸೈಟ್ ಮ್ಯಾನೇಜರ್ ಹಾನ್ ಅವರು ಸಂಭಾವಿತರು. ಒಮ್ಮೆ ಮುಂಡರಗಿಯ ಗೆಸ್ಟ್ ಹೌಸಿಗೆ ನನ್ನನ್ನು ಊಟಕ್ಕೆ ಕರೆದರು. ಅವರ ದೇಶದ ಸೋಜು ಎಂಬ ಮದ್ಯವನ್ನು ನಾನು ಮೊದಲು ಕಂಡದ್ದು ಅಲ್ಲೇ. ಸಣ್ಣ ಗ್ಲಾಸು, ನೀರಿನಂಥ ಬಣ್ಣ, ವಿಸ್ಕಿಯ ಅರ್ಧಕ್ಕಿಂತ ಕಡಿಮೆ ಖಾರ. ಸೌಮ್ಯವಾಗಿದೆ ಎಂದೇ ಎಷ್ಟು ಒಳಗೆ ಹೋಯಿತೆಂದು ತಿಳಿಯುವುದಿಲ್ಲ, ಬಿಯರಿಗೆ ಬೆರೆಸಿದರಂತೂ ಕೇಳುವುದೇ ಬೇಡ. ಕೆಲಸ ಮುಗಿದ ಮೇಲೆ ಇಡೀ ತಂಡ ಕೂಡಿ ಕುಡಿಯುವುದು ಅವರಲ್ಲಿ ಕೆಲಸದ್ದೇ ಒಂದು ಭಾಗ. ಹಿರಿಯರು ಸುರಿದದ್ದನ್ನು ಕಿರಿಯರು ಎರಡೂ ಕೈಯಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು. ಆ ಮರ್ಯಾದೆ ನನಗೆ ಬಹಳ ಹಿಡಿಸಿತು. ನನ್ನ ಮುಂದೆ ಮಜ್ಜಿಗೆ ಇಟ್ಟಿದ್ದರು. ಮಾಮಾ ಆದ ನಾನು ಎದುರಿಗಿದ್ದೆನಲ್ಲ, ಅಂದು ಮಹಾಂತೇಶನೂ ಮಜ್ಜಿಗೆಯನ್ನೇ ಕುಡಿದ.

ಆಷಾಢದ ತಪಾಸಣೆಯಲ್ಲಿ ಅವನ ಜಿಜಿಟಿ 212 ಬಂತು. ಇದು ಲಿವರಿನ ಒಂದು ಪರೀಕ್ಷೆ. ನಮ್ಮ ಲ್ಯಾಬಿನಲ್ಲಿ ಅರವತ್ತರೊಳಗಿದ್ದರೆ ಸರಿ. ಕುಡಿತ ಹೆಚ್ಚಾದಾಗ ಏರುತ್ತದೆ, ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕರೆದು ಕೇಳಿದೆ.

“ಮಾಮಾ, ವರ್ಷಕ್ಕ ಒಂದೆರಡು ಸಲ. ಅದೂ ಬರೇ ಬೀರ್,” ಎಂದ.

ಜೊತೆಗೆ ಬಂದಿದ್ದ ಈರಣ್ಣ ತಲೆಯಾಡಿಸಿದ. ಅವನು ಅಡರಕಟ್ಟಿಯವನು, ಆ ಏಳು ಎಂಜಿನಿಯರುಗಳಲ್ಲಿ ಒಬ್ಬ, ಸೈಟಿನಲ್ಲಿ ಮಹಾಂತೇಶನ ಜೋಡಿ. “ಖರೆ ಐತ್ರಿ ಸರ್. ಮುಂದ ಶ್ರಾವಣ ಬಂತು. ಶ್ರಾವಣದಾಗ ಅಂತೂ ನಾವ್ಯಾರೂ ಮುಟ್ಟಂಗಿಲ್ರಿ. ಮಹಾಂತೇಶನೂ ಹಿಡೀತಾನ,” ಎಂದ.

ಈ ಶ್ರಾವಣ ಎಂಬುದು ನಮ್ಮ ಭಾಗದ ವೈದ್ಯರಿಗೆ ಪುಕ್ಕಟೆ ಸಿಕ್ಕ ಲ್ಯಾಬು. ಹನ್ನೊಂದು ತಿಂಗಳು ತೂರಾಡುವವನೂ ಈ ಒಂದು ತಿಂಗಳು ವಿಭೂತಿ ಹಚ್ಚಿ ನೆಟ್ಟಗೆ ನಡೆಯುತ್ತಾನೆ. ತಿಂಗಳ ಕೊನೆಗೆ ರಕ್ತ ತೆಗೆದರೆ ಸಂಖ್ಯೆ ಇಳಿದಿರುತ್ತದೆ, ರೋಗ ಯಾವುದೆಂದು ತಾನೇ ಹೇಳುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಬರುತ್ತಿದ್ದ ಎಷ್ಟೋ ರೋಗಿಗಳಲ್ಲಿ ಈ ಉಪಾಯ ನನಗೆ ಕೈಕೊಟ್ಟಿರಲಿಲ್ಲ. ಮಹಾಂತೇಶನಿಗೂ ಶ್ರಾವಣದ ಕಡೆಯ ವಾರ ಬಾ ಎಂದೆ.

ಬಂದ. ಜಿಜಿಟಿ 468.

ಶ್ರಾವಣದಲ್ಲಿ ಏರಿದೆ ಎಂದ ಮೇಲೆ ಇದು ಕುಡಿತದ್ದಲ್ಲ ಎಂದು ನಾನು ಗೆರೆ ಎಳೆದುಬಿಟ್ಟೆ. ಹೆಪಟೈಟಿಸ್ ಬಿ, ಸಿ ನೋಡಿದೆ, ಇಲ್ಲ. ಸ್ಕ್ಯಾನ್ ಮಾಡಿಸಿದೆ, ಲಿವರ್ ದೊಡ್ಡದಾಗಿತ್ತು. ಹುಬ್ಬಳ್ಳಿಯಲ್ಲಿ ಬಯಾಪ್ಸಿಗೆ ದಿನ ಗೊತ್ತುಮಾಡಿದೆ. ಕೇಸ್ ಪೇಪರಿನಲ್ಲಿ ‘ಮದ್ಯಪಾನ: ಇಲ್ಲ’ ಎಂದು ನನ್ನ ಕೈಯಿಂದಲೇ ಬರೆದೆ. ಶಿರಹಟ್ಟಿಯಲ್ಲಿ ಶಿಕ್ಷಕಿಯಾಗಿದ್ದ ಅವನ ಹೆಂಡತಿ ಶಿವಲೀಲಾ ಫೋನ್ ಮಾಡಿ, “ಮಾಮಾರ, ಏನಾಗೇತ್ರಿ ಇವ್ರಿಗೆ?” ಎಂದು ಕೇಳಿದಾಗ, ಅಪರೂಪದ ಕಾಯಿಲೆ ಇರಬಹುದು ಎಂದೆ. ವಾರವೆಲ್ಲ ಸೈಟಿನಲ್ಲಿದ್ದು ರವಿವಾರವಷ್ಟೇ ಮನೆಗೆ ಬರುವ ಗಂಡನ ಬಗ್ಗೆ ಆಕೆಗೆ ತಾನೇ ಏನು ಗೊತ್ತಿರಬೇಕು.

ಮುಂದಿನ ರವಿವಾರ ಮಧ್ಯಾಹ್ನ ಊಟಕ್ಕೆ ಕೂತವನು ರಕ್ತ ಕಾರಿದ. ಶಿವಲೀಲಾ ಕಾರು ಮಾಡಿಕೊಂಡು ಗದಗಿಗೆ ತಂದಳು. ಎಂಡೋಸ್ಕೋಪಿಯಲ್ಲಿ ಜಠರದ ಒಳಪದರ ಅಲ್ಲಲ್ಲಿ ಕಿತ್ತುಹೋಗಿತ್ತು. ಮೂರು ಬಾಟಲಿ ರಕ್ತ ಕೊಟ್ಟೆವು. ಎರಡು ದಿನ ಅವನು ಉಳಿಯುವ ಭರವಸೆ ನನಗಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೈ ನಡುಗಲು ಶುರುವಾಯಿತು. ಹೊದಿಕೆಯ ಮೇಲೆ ಇಲ್ಲದ ಇರುವೆ ಹೆಕ್ಕತೊಡಗಿದ. ನಾನು ಹತ್ತಿರ ಹೋಗಿ ನೀರಿನ ಗ್ಲಾಸ್ ಹಿಡಿದೆ. ಆ ಮಬ್ಬಿನಲ್ಲೇ ಎದ್ದು ಕೂತ, ಎರಡೂ ಕೈಯಲ್ಲಿ ಗ್ಲಾಸ್ ತೆಗೆದುಕೊಂಡ, ಗೋಡೆಯ ಕಡೆ ಮುಖ ತಿರುಗಿಸಿ ಒಂದೇ ಗುಟುಕಿಗೆ ಮುಗಿಸಿದ.

ದಿನವೂ ಕುಡಿಯುವವನಿಗೆ ಕುಡಿತ ಒಮ್ಮೆಲೇ ನಿಂತರೆ ಬರುವ ಸನ್ನಿ ಅದು. ಮೊದಲೇ ಗೊತ್ತಿದ್ದರೆ ಮೊದಲ ದಿನವೇ ಅದಕ್ಕೆ ಔಷಧ ಹಾಕುತ್ತಿದ್ದೆ. ತಕ್ಷಣ ಹಾಕಿಸಿ, ಹೊರಗೆ ಬೆಂಚಿನ ಮೇಲಿದ್ದ ಈರಣ್ಣನನ್ನು ಒಳಗೆ ಕರೆದೆ.

“ಹಾನ್ ಸಾಹೇಬ್ರು ಸುರವಿದ ಗ್ಲಾಸ್ ಹಂಗ ಬಿಡಾಕ ಬರೂದಿಲ್ರಿ,” ಎಂದ, ನೆಲ ನೋಡುತ್ತ. “ನಮ್ಮ ಬದಲಿ ಬ್ಯಾರೆದಾವ್ರು ಕುಡದ್ರ ನಡೀತೈತಿ. ಅಂಥಾವಗ ಕರೀ ಸರದಾರ ಅಂತಾರ ಅವ್ರು. ಶ್ರಾವಣದಾಗ ನಾವು ಆರೂ ಮಂದಿ ಬಿಟ್ಟಿದ್ವಿ. ಎಲ್ಲಾರದೂ ಮಹಾಂತೇಶ ಕುಡೀತಿದ್ದ.”

“ವಾರಕ್ಕ ಎಷ್ಟ ಸಲ?”

“ಪಾರ್ಟಿ ಎರಡ ದಿನರಿ. ಆಮ್ಯಾಲ ಅವಗ ದಿನಾ ಬೇಕಾತು.”

“ನನ್ನ ಮುಂದ ಕುಂತು, ಅವ ಶ್ರಾವಣ ಹಿಡೀತಾನ ಅಂದಿದ್ದೆಲ್ಲೋ.”

“ನಮ್ಮೆಲ್ಲಾರ ನೌಕರಿ ಪ್ರಶ್ನೆ ಇತ್ರಿ ಸರ್.”

ಆರು ಜನರ ವ್ರತ ಒಬ್ಬನ ಲಿವರಿನ ಮೇಲೆ ನಡೆದಿತ್ತು. ನಾನು ಮೂರ್ಖನಂತೆ ಆ ವ್ರತವನ್ನೇ ನಂಬಿ ರೋಗ ಅಳೆದಿದ್ದೆ. ಸ್ವಂತ ಅಕ್ಕನ ಮಗ ಮುಖ ನೋಡಿ ಸುಳ್ಳು ಹೇಳಿದ ಎಂಬುದು ಇವತ್ತಿಗೂ ಮನಸ್ಸಿನಿಂದ ಇಳಿದಿಲ್ಲ.

ಹಾನ್ ಮರುದಿನ ಬಂದರು. ಅವರನ್ನು ಬೈಯಬೇಕೆಂದು ಮಾತು ಕೂಡಿಸಿಟ್ಟಿದ್ದೆ. ಅವರು ನನ್ನೆದುರು ಸೊಂಟ ಬಗ್ಗಿಸಿ ನಿಂತು ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮ ದೇಶದಲ್ಲೂ ಈಗಿನ ಹುಡುಗರು ಬೇಡ ಅನ್ನುತ್ತಾರೆ. ನಾವೂ ಒತ್ತಾಯ ಬಿಡುತ್ತಿದ್ದೇವೆ. ಇಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಶ್ರಾವಣ ಎಂಬ ಮಾತನ್ನು ನಾನು ಇವತ್ತು ಮೊದಲ ಸಲ ಕೇಳುತ್ತಿದ್ದೇನೆ.” ಅದನ್ನು ಅವರಿಗೆ ತಿಳಿಸಿ ಹೇಳಬೇಕಾಗಿದ್ದ ದುಭಾಷಿಯೇ ಗ್ಲಾಸ್ ಹಿಡಿದು ಕೂತಿದ್ದ.

ಮಹಾಂತೇಶ ಉಳಿದ. ಸನ್ನಿ ಇಳಿದ ಮೇಲೆ ಯಾಕೋ ಹೀಗೆ ಮಾಡಿದೆ ಎಂದು ಕೇಳಿದೆ. “ಎಲ್ಲಾರೂ ಶ್ರಾವಣ ಹಿಡದ್ರು ಮಾಮಾ. ಯಾರರೆ ಒಬ್ರು ಶ್ರಾವಣ ಬಿಡಬೇಕಾಗಿತ್ತು,” ಎಂದು ಆ ಕಡೆ ಹೊರಳಿದ. ಬಯಾಪ್ಸಿಯಲ್ಲಿ ಲಿವರ್ ಗಟ್ಟಿಯಾಗತೊಡಗಿದ್ದು ಕಂಡಿತು. ಗೋಪುರ ಹತ್ತಲು ಅಯೋಗ್ಯ ಎಂದು ನಾನೇ ಸಹಿ ಮಾಡಬೇಕಾಯಿತು. ಹಾನ್ ಆಫೀಸಿನಲ್ಲೇ ಕೂಡಿಸುತ್ತೇನೆಂದರು, ಇವನು ಹೋಗಲಿಲ್ಲ. ಗೋಪುರದ ಮೇಲೆ ಅವನು ಮಾಡುತ್ತಿದ್ದ ಕೆಲಸ ಈರಣ್ಣನಿಗೆ ಬಂತು.

ಅಂದಿನಿಂದ ದವಾಖಾನೆ ಮುಚ್ಚುವವರೆಗೂ ‘ಕುಡಿಯುತ್ತೀರಾ’ ಎಂದು ಕೇಳಿ ಸುಮ್ಮನಾಗುವುದನ್ನು ಬಿಟ್ಟೆ. ಯಾರ ಜೊತೆ ಕೂಡುತ್ತೀರಿ, ಯಾರು ಸುರಿಯುತ್ತಾರೆ, ಯಾರ ಪಾಲಿನದು ಕುಡಿಯುತ್ತೀರಿ ಎಂದು ಕೇಳುತ್ತಿದ್ದೆ. ಎಷ್ಟೋ ಜನ ಮೂರನೆಯ ಪ್ರಶ್ನೆಗೆ ಬಂದಾಗ ತಲೆ ತಗ್ಗಿಸುತ್ತಿದ್ದರು. ನನ್ನ ವೃತ್ತಿ ಕಲಿಸಿದ್ದು ಇಷ್ಟು: ರಕ್ತ ಸುಳ್ಳು ಹೇಳುವುದಿಲ್ಲ, ಅದನ್ನು ಓದುವವನು ತನ್ನವರನ್ನು ನಂಬಿ ತಪ್ಪು ಓದುತ್ತಾನೆ.

ಆ ವರ್ಷ ಶ್ರಾವಣ ಮುಗಿದ ತಿಂಗಳಲ್ಲೇ, ಹೊಸ ಕೆಲಸಕ್ಕೆ ಮುನ್ನಿನ ತಪಾಸಣೆಗೆ ಈರಣ್ಣ ಬಂದ. ಜಿಜಿಟಿ 24. ರಿಪೋರ್ಟ್ ಕೈಗೆ ಕೊಟ್ಟೆ.

“ಶ್ರಾವಣ ಪೂರ್ತಿ ಹಿಡಿದಿದ್ದೆ ನೋಡ್ರಿ ಸರ್,” ಎಂದ.

“ಗೊತ್ತೈತಿ,” ಎಂದೆ. “ನಿನ್ನ ಶ್ರಾವಣದ ರಿಪೋರ್ಟ್ ನಾ ಮಹಾಂತೇಶನ ಹೆಸರಿನ್ಯಾಗ ಆಗಲೇ ನೋಡೀನಿ.”