ಕಡಿಯದೆ ಕೂಡಿಸಿದ ಹಾಡು

ಗಲಗಲಿಯ ಗುರುಪಾದ ಕುರಿ ಕಾಯುತ್ತಲೇ ಡಿಗ್ರಿ ಮುಗಿಸಿ, ಬೀಳಗಿಯಲ್ಲಿ ಸರಕಾರಿ ಗುಮಾಸ್ತನಾದವನು. ಅವನ ತಾಯಿ ಸೋಮವ್ವನಿಗೆ ಬೀರೇಶ್ವರನ ದೊಡ್ಡ ಹಾಡು ಪೂರ್ತಿ ಬಾಯಿಪಾಠವಿತ್ತು. ಅದನ್ನು ಬಲ್ಲವರಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅವಳ ಎದೆನೋವು ಹೆಚ್ಚಿದಾಗ ಗುರುಪಾದ ದಿನವೂ ಸಂಜೆ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಆ ಹಾಡನ್ನು ಅವಳ ದನಿಯಲ್ಲೇ ಧ್ವನಿಮುದ್ರಿಸತೊಡಗಿದ. ಪಡಸಾಲೆಯ ಗೂಡಿನಲ್ಲಿದ್ದ ಹಳೆಯ ಕಂಪ್ಯೂಟರೇ ಮನೆಯ ಸರ್ವರ್. ಸಿಂಕ್ ಸಾಫ್ಟ್‌ವೇರು ಹಾಡಿನ ನಕಲನ್ನು ತಾನಾಗಿಯೇ ಅದಕ್ಕೂ, ಬನಹಟ್ಟಿಯಲ್ಲಿದ್ದ ತಂಗಿ ಕಾವೇರಿಯ ಮೊಬೈಲಿಗೂ ಕಳಿಸುತ್ತಿತ್ತು.

ಬೀರೇಶ್ವರನ ಹಾಡನ್ನು ನಡುವೆ ಕಡಿಯಬಾರದೆಂಬುದು ಆ ಮನೆತನದ ಕಟ್ಟಳೆ. ಆದುದರಿಂದ ಒಂದೊಂದು ನುಡಿ ಮುಗಿದಂತೆ ಗುರುಪಾದ ಅದನ್ನು ಒಂದೇ ಉದ್ದನೆಯ ಫೈಲಿಗೆ ಕೂಡಿಸುತ್ತ ಹೋದ. ಆರು ತಿಂಗಳಿಗೆ ಸರ್ವರ್ ತಡವರಿಸಿತು. ಜಮಖಂಡಿಯಿಂದ ರಿಪೇರಿಗೆ ಬಂದ ಧರ್ಮರಾಜ ನೋಡಿ ಹಣೆ ಹಣೆ ಬಡಿದುಕೊಂಡ.

"ಗುರುಪಾದಣ್ಣ, ಡಿಸ್ಕಿನ ಆಯುಷ್ಯ ಮುಗಿಯಾಕ ಬಂದೈತ್ರಿ. ನೀವು ಒಂದು ನುಡಿ ಕೂಡಿಸಿದ್ರ ಇದು ನಲವತ್ತು ತಾಸಿನ ಹಾಡು ಮೊದಲಿಂದ ಮತ್ತ ಬರೀತೈತಿ. ದಿನಕ್ಕ ಮೂವತ್ತು ಸಲ! ಒಂದು ಅಕ್ಷರ ಸೇರಸಾಕ ಇಡೀ ಪುರಾಣ ಬರದಂಗ. ಹೊಸ ಡಿಸ್ಕ್ ಹಾಕೂತನಕ ತುಂಡ ತುಂಡ ಮಾಡಿ ಇಡ್ರಿ."

ಕಂಬಕ್ಕೆ ಒರಗಿದ್ದ ಸೋಮವ್ವನಿಗೆ ಅದು ಕೇಳಿಸಿತು.

"ದೇವರ ಹಾಡನ್ನ ಕುರಿ ಕಡದಂಗ ಕಡೀತೀರೇನ್ಲೇ? ನಾ ಇನ್ನೂ ಉಸುರಾಡಾಕತ್ತೇನಿ!"

"ಆತು ಬಿಡಬೇ ಯವ್ವಾ, ಕಡಿಯಂಗಿಲ್ಲ" ಎಂದ ಗುರುಪಾದ.

ವಾರದೊಳಗೆ ಹಾಡು ಮುಗಿಯಿತು. ಅದಾದ ಹನ್ನೆರಡನೆಯ ದಿನ ಸೋಮವ್ವ ತೀರಿಕೊಂಡಳು. ಆ ದುಃಖದಲ್ಲಿ ಡಿಸ್ಕಿನ ಮಾತು ಮರೆತೇಹೋಯಿತು. ಮುಂದಿನ ತಿಂಗಳು ಮುಧೋಳಕ್ಕೆ ವರ್ಗವಾದಾಗ, ಮನೆಯಲ್ಲಿ ನಕಲಿದೆಯೆಂಬ ಧೈರ್ಯದಿಂದ ಗುರುಪಾದ ಲ್ಯಾಪ್‌ಟಾಪನ್ನು ಬರಿದು ಮಾಡಿ ಕಚೇರಿಗೆ ಒಪ್ಪಿಸಿಬಿಟ್ಟ. ಮನೆಗೆ ಬಂದು ಸರ್ವರ್ ಹಚ್ಚಿದರೆ ಡಿಸ್ಕು ಸತ್ತಿತ್ತು. ಧರ್ಮರಾಜ ಎರಡು ದಿನ ಹೆಣಗಿದರೂ ಅದು ಬಾಯಿ ಬಿಡಲಿಲ್ಲ.

ಗುರುಪಾದ ಬನಹಟ್ಟಿಗೆ ಓಡಿದ. ಕಾವೇರಿಯ ಮೊಬೈಲಿನಲ್ಲಿ ಜಾಗ ತುಂಬಿ, ಅರ್ಧ ಹಾಡಿಗೇ ಹೊಸ ನಕಲು ಬರುವುದು ನಿಂತುಹೋಗಿತ್ತು. ಅಣ್ಣ ತಂಗಿ ಇಬ್ಬರೂ ಕೂತು ಇದ್ದಷ್ಟನ್ನು ಕೇಳಿದರು. ತಾಯಿಯ ದನಿ ಒಂದು ನುಡಿ ಮುಗಿಸಿ, ಮುಂದಿನದಕ್ಕೆ ಉಸಿರೆಳೆದುಕೊಂಡು, ನಿಂತಿತು.

"ಮುಂದಿನ ನುಡಿ ಏನಣ್ಣಾ? ದಿನಾ ಅವ್ವನ ಮುಂದ ನೀನ ಕುಂತಿರ್ತಿದ್ದೆಲ್ಲಾ?"

ಗುರುಪಾದ ನೆನಪಿಸಿಕೊಳ್ಳಲು ನೋಡಿದ. ಅಷ್ಟೂ ಸಂಜೆ ಅವನ ಲಕ್ಷ್ಯವೆಲ್ಲ ಪರದೆಯ ಮೇಲೆ, ನುಡಿ ಸರಿಯಾಗಿ ಕೂಡಿತೋ ಇಲ್ಲವೋ ಎಂಬುದರ ಮೇಲೆಯೇ ಇತ್ತು.

"ಆಮ್ಯಾಲ ಕೇಳಿದರಾತು ಅಂತಿದ್ನಿ ತಂಗಿ" ಎಂದ. "ನಾ ಕೇಳೇ ಇಲ್ಲ."