ಎರಡಿಂಚಿನ ಸ್ಕ್ರೂ

ಇವತ್ತು ಬೆಳಿಗ್ಗೆ ನಲ್ಲಿಯ ವಾಷರ್ ಹುಡುಕುತ್ತಾ ಮೇಜಿನ ಡ್ರಾಯರ್‌ಗೆ ಕೈ ಹಾಕಿದೆ, ಏನೋ ಚುಚ್ಚಿತು. ತೆಗೆದು ನೋಡಿದರೆ ಅದೇ ಸ್ಕ್ರೂ. ಎರಡಿಂಚು ಉದ್ದ, ತಲೆಯ ಗೀರಿನಲ್ಲಿ ಇನ್ನೂ ಒಂದಿಷ್ಟು ಕುಂಕುಮ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡ್ರಾಯರ್ ಇದ್ದೇ ಇರುತ್ತದೆ. ಮುಗಿದುಹೋದ ಸೆಲ್ಲು, ಯಾವ ಬೀಗದ್ದೋ ಗೊತ್ತಿಲ್ಲದ ಕೀ, ಒಂದೇ ಕಾಲಿನ ಕನ್ನಡಕ ಎಲ್ಲವೂ ಅಲ್ಲೇ ಬಿದ್ದಿರುತ್ತವೆ, ಎಸೆಯಲು ಮನಸ್ಸು ಬರುವುದಿಲ್ಲ. ಆದರೆ ಈ ಸ್ಕ್ರೂ ಹಾಗೆ ಬಿದ್ದದ್ದಲ್ಲ, ನಾನು ಬೇಕೆಂದೇ ಇಟ್ಟುಕೊಂಡದ್ದು. ವಾಷರ್ ಯಾಕೆ ಬೇಕಾಯಿತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಸ್ಕ್ರೂ ವಿಚಾರ ಆಗಿಹೋಗಲಿ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ನಿವೃತ್ತರಾಗುವ ಮುಂಚೆ ಕೊಂಡ ಒಂದು ಕಾರು ಇದೆ. ತಂದಾಗ ಬಿಳಿ, ಈಗ ಹುಳಿಮಜ್ಜಿಗೆಯ ಬಣ್ಣ. ಚಾಮರಾಜಪೇಟೆಯ ನಮ್ಮ ಮನೆಯಿಂದ ಪ್ರತಿ ಶುಕ್ರವಾರ ಅವರು ಅದರಲ್ಲಿ ಗಾಂಧಿ ಬಜಾರಿಗೆ ಹೋಗಿ ಹೂವು, ತರಕಾರಿ ತರುತ್ತಾರೆ. ನಡೆದೇ ಹೋಗಬಹುದಾದ ದೂರ. ಕಾರು ನಿಲ್ಲಿಸುವುದಕ್ಕೆ ಜಾಗ ಹುಡುಕುವಷ್ಟರಲ್ಲಿ ನಡೆದು ಹೋಗಿ ವಾಪಸ್ಸೇ ಬಂದುಬಿಡಬಹುದು. ಹಾಗೆಂದರೆ, 'ಗಾಡಿಗೂ ಕೈಕಾಲು ಆಡ್ಬೇಕಲ್ಲಪ್ಪ' ಎನ್ನುತ್ತಾರೆ. ಸ್ಟೇರಿಂಗ್ ಹಿಡಿದು ಕೂತಾಗ ಅವರ ಬೆನ್ನು ನೆಟ್ಟಗಾಗುತ್ತದೆ, ಅದನ್ನು ನಾನೇ ನೋಡಿದ್ದೇನೆ. ಆ ವಾರದ ಸವಾರಿ ಅವರಿಗೆ ಎಷ್ಟು ಮುಖ್ಯ ಎಂದು ಗೊತ್ತಿದ್ದೂ ನಾನು ಮಾಡಿದ ಘನಕಾರ್ಯ ಮುಂದಿದೆ.

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹೆಬ್ಬೆಟ್ಟಿನ ಗಾತ್ರದ ಒಂದು ಹಿತ್ತಾಳೆ ಗಣಪತಿ. ಗೋಂದು ಹಾಕಿ ಅಂಟಿಸಿದ್ದೆವು. ಬಿಸಿಲಿಗೆ ಗೋಂದು ಬಿಟ್ಟುಕೊಂಡು, ಬ್ರೇಕು ಹಾಕಿದಾಗಲೆಲ್ಲ ಗಣಪತಿ ಅಪ್ಪನ ತೊಡೆಗೆ ಬಂದು ಕೂರುತ್ತಿದ್ದ. ಒಂದು ಆಯುಧಪೂಜೆಯ ಹಿಂದಿನ ದಿನ ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಡ್ರಿಲ್ಲಿಂಗ್ ಮಷೀನು ತಂದು, ಡ್ಯಾಶ್‌ಬೋರ್ಡಿಗೆ ತೂತು ಕೊರೆದು, ಗಣಪತಿಯ ಪೀಠಕ್ಕೆ ಸ್ಕ್ರೂ ಜಡಿದುಬಿಟ್ಟೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು.

"ಸ್ವಲ್ಪ ಚಿಕ್ಕ ಸ್ಕ್ರೂ ಸಾಕಾಗಿತ್ತೇನೋ."

"ಗಟ್ಟಿಯಾಗಿರ್ಲಿ ಬಿಡಿ ಅಪ್ಪ," ಎಂದೆ.

ಸಂಕ್ರಾಂತಿ ಕಳೆದ ಮೇಲೆ ಕಾಟ ಶುರುವಾಯಿತು. ಒಂದು ಶನಿವಾರ ಬೆಳಿಗ್ಗೆ ಕೀ ತಿರುಗಿಸಿದರೆ ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಬ್ಯಾಟರಿ ಪೂರ್ತಿ ಖಾಲಿ. ಚಾರ್ಜ್ ಮಾಡಿಸಿದೆವು, ಎರಡು ವಾರ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ ಕಥೆ. ಹೊಸ ಬ್ಯಾಟರಿ ಹಾಕಿಸಿದೆವು, ಅದೂ ಮಲಗಿತು. ಆಗ ಎದುರುಮನೆಯವರು ಬಂದು, "ನಿನ್ನೆ ಸಂಜೆ ನಿಮ್ಮ ಕಾರಿನ ಪಾರ್ಕಿಂಗ್ ಲೈಟ್ ಉರೀತಿತ್ತು, ಹೇಳೋಣ ಅಂದ್ಕೊಂಡು ಮರ್ತೇಬಿಟ್ಟೆ," ಎಂದರು. ಸರಿ, ಸಾಕ್ಷಿ ಸಿಕ್ಕಿತಲ್ಲ!

"ಲೈಟ್ ಆರ್ಸಿದ್ದೆ ಕಣೋ, ಚೆನ್ನಾಗಿ ನೆನಪಿದೆ," ಎಂದರು ಅಪ್ಪ. ಹೋಗಿ ನೋಡಿದರೆ ಲೈಟಿನ ಸ್ವಿಚ್ಚು ಆಫ್ ಆಗಿಯೇ ಇತ್ತು. ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ಬೆಳಿಗ್ಗೆ ಎದ್ದು ನೀವೇ ಹೋಗಿ ಆರ್ಸಿರ್ತೀರ," ಎಂದುಬಿಟ್ಟೆ. ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದವರಿಗೆ ಆಡುವ ಮಾತೇ ಅದು? ಅಪ್ಪ ನನ್ನನ್ನೇ ನೋಡಿದರು. ಸಿಟ್ಟು ಬಂದಿದ್ದರೆ ವಾಸಿಯಿತ್ತು. ಅವರ ಮುಖದಲ್ಲಿ ಇದ್ದದ್ದು, ಹೌದೇ, ಹಾಗೂ ಮಾಡಿರಬಹುದೇ ಎಂಬ ಅನುಮಾನ.

ನಾಲ್ಕನೆಯ ಸಲ ಆದಾಗ ನಾನು ಕೀ ಕೇಳಿದೆ. ಮರೆವು ಜಾಸ್ತಿಯಾಗಿದೆ, ನಾಳೆ ರಸ್ತೆಯಲ್ಲಿ ಬ್ರೇಕು ಹಾಕುವುದನ್ನೇ ಮರೆತರೆ ಏನು ಗತಿ, ಎಂದೆಲ್ಲ ಉಪದೇಶ ಬೇರೆ ಮಾಡಿದೆ. ಅಪ್ಪ ತಮ್ಮ ಕೀ ಬಂಚಿನಿಂದ ಕಾರಿನ ಕೀಯನ್ನು ಉಗುರಿನಲ್ಲಿ ಬಿಡಿಸತೊಡಗಿದರು. ಬಂಚಿನ ಬಳೆ ಗಟ್ಟಿಯಿತ್ತು, ಬಹಳ ಹೊತ್ತು ಹಿಡಿಯಿತು. ನಾನು ಕೈ ಚಾಚಿಕೊಂಡು ನಿಂತೇ ಇದ್ದೆ, ಬಿಡಿಸಿಕೊಡಲೂ ಇಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ಶುಕ್ರವಾರ ಅಪ್ಪ ನಡೆದು ಹೋಗಿ ಹೂವು ತಂದರು. ಗಣಪತಿಗೆ ಮುಡಿಸಲು ಎರಡು ನಿಮಿಷ ಕೀ ಇಸಿದುಕೊಂಡು, ಕೂಡಲೇ ವಾಪಸ್ ಕೊಟ್ಟರು. ನಾನು ಹಿಂದೆಯೇ ಹೋಗಿ ಸ್ವಿಚ್ಚು ಆಫ್ ಇದೆಯೇ ಎಂದು ಪರೀಕ್ಷೆ ಮಾಡಿದೆ. ಪೊಲೀಸಿನವನ ಬುದ್ಧಿ ನೋಡಿ! ಸ್ವಿಚ್ಚು ಆಫ್ ಇತ್ತು. ಶನಿವಾರ ಬೆಳಿಗ್ಗೆ ಕಾರು ಮತ್ತೆ ಸತ್ತಿತ್ತು. ಈಗ ಕೀ ನನ್ನದು, ಕಾವಲು ನನ್ನದು, ಕಣ್ಣಾರೆ ನೋಡಿದವನೂ ನಾನೇ. ತಪ್ಪು ಅಪ್ಪನದಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ಒಳಗೆ ಹೋಗಿ ಹೇಳಿದೆನೇ? ಇಲ್ಲ. ಸದ್ದಿಲ್ಲದೆ ಸಾದಿಕ್‌ನನ್ನು ಕರೆಯಲು ಹೋದೆ.

ಸಾದಿಕ್ ನಮ್ಮ ಪೇಟೆಯ ಒಂದು ಸಂದಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ನನ್ನದೇ ವಯಸ್ಸು, ಮಾತು ಕಡಿಮೆ. ಬಂದವನು ಮೊದಲು ಕಾರನ್ನು ರಸ್ತೆಗೆ ತಳ್ಳಿಸಿ, ಚಾರ್ಜ್ ಆದ ಬ್ಯಾಟರಿಯೊಂದನ್ನು ಹಾಕಿದ, ಬೇರೇನನ್ನೂ ಬಿಚ್ಚಲಿಲ್ಲ. ಎರಡು ವೈರು ಕಟ್ಟಿದ ಒಂದು ಪುಟ್ಟ ಬಲ್ಬನ್ನು ಬ್ಯಾಟರಿಯ ದಾರಿಯಲ್ಲಿ ಸಿಕ್ಕಿಸಿದ. "ನಿಂತಿರೋ ಗಾಡೀಲಿ ಯಾರೂ ಕರೆಂಟ್ ತಿನ್ಬಾರ್ದು ಸಾರ್. ತಿಂದ್ರೆ ಈ ಬಲ್ಬು ಚಾಡಿ ಹೇಳತ್ತೆ." ಬಲ್ಬು ಉರಿಯಲಿಲ್ಲ. ಅರ್ಧ ಗಂಟೆ ಕಾದರೂ ಇಲ್ಲ. "ಕಾಯಿಲೆ ಈಗ ಮನೇಲಿಲ್ಲ," ಎಂದ. "ಯಾವಾಗ ಬರತ್ತೆ, ಯಾವಾಗ ಹೋಗತ್ತೆ, ಯಾರಾದ್ರೂ ಬರ್ದಿಟ್ಟಿದ್ದೀರಾ?"

ಅಪ್ಪ ಜಗಲಿಯಿಂದ ಎದ್ದು ಬಂದರು. ಜೇಬಿನಲ್ಲಿ ಚಿಕ್ಕ ಡೈರಿ. ನನಗೆ ಗೊತ್ತೇ ಇರಲಿಲ್ಲ, ಎರಡು ತಿಂಗಳಿಂದ ಬರೆದಿದ್ದರು. 'ಶುಕ್ರವಾರ. ಗಾಂಧಿ ಬಜಾರ್. ಅಲ್ಲೇ ಹೂವು ಮುಡಿಸಿದೆ. ಮನೆಗೆ ಬಂದು ಲೈಟ್ ಆರಿಸಿದೆ, ಎರಡು ಸಲ ನೋಡಿದೆ. ಶನಿವಾರ ಸರಿ.' ಮುಂದಿನ ಪುಟ: 'ಶುಕ್ರವಾರ. ಮನೆಗೆ ಬಂದು ಹೂವು ಮುಡಿಸಿದೆ. ಲೈಟ್ ಆರಿಸಿದೆ, ಮೂರು ಸಲ ನೋಡಿದೆ. ಶನಿವಾರ ಕೆಟ್ಟಿದೆ.' ಸಾದಿಕ್ ಪುಟ ತಿರುವುತ್ತಾ ಹೋದ. ನಾನು ಆ 'ಮೂರು ಸಲ ನೋಡಿದೆ'ಯಲ್ಲೇ ನಿಂತುಬಿಟ್ಟಿದ್ದೆ.

"ಸಾರ್, ನೀವು ಶುಕ್ರವಾರ ಏನೇನ್ ಮಾಡ್ತೀರೋ ಎಲ್ಲಾ ಈಗ ನನ್ನೆದ್ರು ಮಾಡಿ. ಒಂದೂ ಬಿಡ್ಬಾರ್ದು."

"ಇವತ್ತು ಶನಿವಾರ ಅಲ್ವೇನಪ್ಪ?"

"ಗಾಡಿಗೇನ್ ಗೊತ್ತು ಸಾರ್."

ಅಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಲ್ಯಾಬಿನಲ್ಲಿ ಪ್ರಯೋಗ ಮಾಡಿಸುವವರ ಹಾಗೆ ತೋಳು ಮಡಿಸಿದರು. ಒಳಗೆ ಹೋಗಿ ಕಾಲು ತೊಳೆದು ಬಂದರು, ಯಾಕೆಂದರೆ ಶುಕ್ರವಾರ ಹಾಗೇ ಮಾಡುವುದು. ನನ್ನ ಹೆಂಡತಿ ದೇವರಮನೆಯಿಂದ ಒಂದು ತುಂಡು ಕನಕಾಂಬರ ತಂದುಕೊಟ್ಟಳು. ಅಪ್ಪ ಚಪ್ಪಲಿ ಬಿಟ್ಟು, ಬಾಗಿಲು ತೆರೆದು, ಹೂವಿನ ಎಳೆಯನ್ನು ಗಣಪತಿಯ ಹಿಂದೆ ಸಿಕ್ಕಿಸಿ, ಜಾರದಿರಲಿ ಎಂದು ಹೆಬ್ಬೆರಳಿನಿಂದ ಪೀಠವನ್ನು ಒಮ್ಮೆ ಅದುಮಿದರು.

ಬಲ್ಬು ಹತ್ತಿಕೊಂಡಿತು.

ಹಿಂದೆ ಹೋಗಿ ನೋಡಿದರೆ ಕಾರಿನ ಕೆಂಪು ದೀಪಗಳು ಆ ಬಿಸಿಲಿನಲ್ಲಿ ಮಂಕಾಗಿ ಉರಿಯುತ್ತಿದ್ದವು. ಸ್ವಿಚ್ಚು ಆಫ್. ಅಪ್ಪ ಬೆರಳು ತೆಗೆದರು, ಬಲ್ಬು ಆರಲಿಲ್ಲ. ಸಾದಿಕ್ ಕಾರನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿದ, ಆರಿತು. "ಅದಕ್ಕೇ! ಬಜಾರಲ್ಲೇ ಹೂವು ಮುಡ್ಸಿದ ದಿನ ದಾರೀಲಿರೋ ಗುಂಡಿಗಳೇ ರಿಪೇರಿ ಮಾಡ್ಬಿಡ್ತಿದ್ವು!" ಎಂದು ಅಪ್ಪ ಕೂಗಿದರು. ಮತ್ತೆ ಅದುಮಿದರು, ಮತ್ತೆ ಹತ್ತಿತು. ಹೀಗೆ ನಾಲ್ಕೈದು ಸಲ. ಸಾಕು ಬಿಡಿ ಎಂದರೂ ಬಿಡಲೊಲ್ಲರು.

"ದೇವ್ರನ್ನ ನೀವೇ ಎತ್ಬಿಡಿ ಸಾರ್, ನನ್ನ ಕೈಯೆಲ್ಲಾ ಗ್ರೀಸು," ಎಂದ ಸಾದಿಕ್. ಅವನ ಕೈ ಚೊಕ್ಕವಾಗಿಯೇ ಇತ್ತು. ಅಪ್ಪ ಅದನ್ನು ನೋಡಿ, ನೋಡದವರಂತೆ, ತಾವೇ ಸ್ಕ್ರೂ ಬಿಚ್ಚಿ ಗಣಪತಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಡ್ಯಾಶ್‌ಬೋರ್ಡಿನ ಕೆಳಗೆ ವೈರುಗಳ ಕಟ್ಟು ಹಾದುಹೋಗಿತ್ತು. ಬ್ಯಾಟರಿಯಿಂದ ಸದಾ ಕರೆಂಟು ತರುವ ವೈರು ಒಂದು, ಪಾರ್ಕಿಂಗ್ ದೀಪಕ್ಕೆ ಹೋಗುವುದು ಇನ್ನೊಂದು. ಸ್ಕ್ರೂವಿನ ಮೊನೆ ಎರಡರ ಮೈಯನ್ನೂ ಕೆರೆದು ತಾಮ್ರ ಕಾಣಿಸಿತ್ತು. ಬರುಬರುತ್ತಾ ಪೀಠ ಸಡಿಲವಾಗಿ, ಮೇಲಿನಿಂದ ಅದುಮಿದಾಗ ಸ್ಕ್ರೂ ಎರಡಕ್ಕೂ ತಗುಲಿ ದೀಪ ಹತ್ತಿಸುತ್ತಿತ್ತು.

"ಇಷ್ಟುದ್ದ ಸ್ಕ್ರೂ ಯಾರ್ ಸಾರ್ ಹಾಕಿದ್ದು? ಯಾವ ಗ್ಯಾರೇಜ್‌ನವ್ನು?"

ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. "ಯಾರೋ ಹಾಕಿದಾರೆ ಬಿಡಪ್ಪ," ಎಂದರು. "ಗಟ್ಟಿಯಾಗಿರ್ಲಿ ಅಂತ ಹಾಕಿರ್ತಾರೆ."

ನಾನು ಆ ಸ್ಕ್ರೂವನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಸಾದಿಕ್ ಹೋದ ಮೇಲೆ ಕೀ ತಂದು ಅವರ ಮುಂದಿಟ್ಟೆ. ಕ್ಷಮಿಸಿ ಎನ್ನಲು ಬಾಯಿ ತೆರೆದವನು, "ತಗೊಳ್ಳಿ" ಎಂದಷ್ಟೇ ಹೇಳಿದೆ. ಅವರು ಕೀಯನ್ನು ಬಂಚಿಗೆ ಸೇರಿಸುತ್ತಾ, ಯಾರದೋ ಸಮಾಚಾರ ಹೇಳುವವರಂತೆ ಹೇಳಿದರು: "ಹೋದ ತಿಂಗ್ಳು ಈ ಮರೆವಿನ ವಿಚಾರಕ್ಕೆ ಡಾಕ್ಟ್ರ ಹತ್ರ ಹೋಗಿದ್ದೆ ಕಣೋ, ನಿಂಗೆ ಹೇಳಿರ್ಲಿಲ್ಲ. ನೂರರಿಂದ ಏಳೇಳು ಕಳೀತಾ ಬನ್ನಿ ಅಂದ್ರು. ಎಲ್ಲಾ ಸರಿಯಾಗಿ ಹೇಳ್ದೆ. ಏನೂ ಇಲ್ಲ ಅಂತ ಕಳಿಸಿದ್ರು. ಆದ್ರೂ ದೀಪ ಉರೀತಿತ್ತಲ್ಲ, ಅದಕ್ಕೇನ್ ಹೇಳ್ಲಿ?" ಒಬ್ಬರೇ ಆಟೋ ಹತ್ತಿ ಹೋಗಿ, ಡಾಕ್ಟರ ಮುಂದೆ ಕೂತು, ತೊಂಬತ್ಮೂರು, ಎಂಬತ್ತಾರು ಎಂದು ಎಣಿಸಿ ಬಂದಿದ್ದರು. ನಾನು ಆ ರಾತ್ರಿ ಊಟ ಮಾಡಿದೆನೋ ಇಲ್ಲವೋ, ನೆನಪಿಲ್ಲ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಗಣಪತಿ ಈಗ ಅರ್ಧ ಇಂಚಿನ ಸ್ಕ್ರೂ ಮೇಲೆ ಆರಾಮವಾಗಿದ್ದಾನೆ. ಅಪ್ಪ ಈಗಲೂ ಶುಕ್ರವಾರ ಕಾರು ತೆಗೆಯುತ್ತಾರೆ.

ಇವತ್ತು ಬೆಳಿಗ್ಗೆ ಎದ್ದರೆ ಮೇಲಿನ ಟ್ಯಾಂಕಿನಲ್ಲಿ ಒಂದು ತೊಟ್ಟು ನೀರಿಲ್ಲ. ಹಿತ್ತಲಿನ ನಲ್ಲಿ ರಾತ್ರಿಯೆಲ್ಲ ಹರಿದಿದೆ. ನಿನ್ನೆ ಸಂಜೆ ತುಳಸಿಗೆ ನೀರು ಹಾಕಿದವರು ಅಪ್ಪ. ಹೆಂಡತಿ ನನ್ನ ಮುಖ ನೋಡಿದಳು. "ನಿಲ್ಸಿದ್ದೆ ಅಂತ ನೆನಪು," ಎಂದರು ಅಪ್ಪ. "ವಾಷರ್ ಹೋಗಿರತ್ತೆ ಬಿಡಿ," ಎಂದವನೇ ನಾನು ಡ್ರಾಯರ್ ಹುಡುಕಲು ಬಂದದ್ದು.

ವಾಷರ್ ಸಿಕ್ಕಿತು. ಹಿತ್ತಲಿಗೆ ಹೋದರೆ ಅಪ್ಪ ಆಗಲೇ ಸ್ಪ್ಯಾನರ್ ಹಿಡಿದು ನಲ್ಲಿ ಬಿಚ್ಚಿಟ್ಟಿದ್ದರು. ಹಳೆಯ ವಾಷರನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಬಲ್ಬು ಹತ್ತಿದ ದಿನ ಇದ್ದ ಅದೇ ಮುಖ.

"ವಾಷರ್ ಚೆನ್ನಾಗೇ ಇದೆಯಲ್ಲೋ," ಎಂದರು. "ಹಾಗಾದ್ರೆ ಇದು ನಾನೇ," ಎಂದು ನಕ್ಕರು. ಡೈರಿ ತೆಗೆದು ಬರೆದುಕೊಂಡರು: 'ನಲ್ಲಿ. ನಾನೇ.'

ನನ್ನ ಇನ್ನೊಂದು ಕೈಯಲ್ಲಿ ಸ್ಕ್ರೂ ಹಾಗೇ ಇತ್ತು. ಅದನ್ನು ಅವರ ಡೈರಿಯ ಮೇಲೆ ಇಟ್ಟೆ.

"ಅಪ್ಪ, ಇದು ನಾನೇ. ಅವತ್ತು ಸಾದಿಕ್ ಮುಂದೆ ಹೇಳ್ಲಿಲ್ಲ. ತಪ್ಪಾಯ್ತು."

ಅಪ್ಪ ಸ್ಕ್ರೂ ಎತ್ತಿ, ಉದ್ದ ನೋಡಿ, ನನ್ನ ಅಂಗೈಗೇ ವಾಪಸ್ ಹಾಕಿದರು.

"ಗೊತ್ತು ಕಣೋ. ಹೊಸ ವಾಷರ್ರೇ ಹಾಕ್ಬಿಡು, ಹೇಗೂ ಬಿಚ್ಚಿದೀವಿ."