ನಾನು ಕಿತ್ತ ನೇರಳೆ ಭತ್ತ

ಇವತ್ತು ಮುಂಬೈ ಬಳಿಯ ಭಿವಂಡಿಯಲ್ಲಿ, ನಾನು ಕೆಲಸ ಮಾಡುವ ಗೋದಾಮಿನ ಹಿಂದೆ, ಚರಂಡಿಯಲ್ಲಿ ಬೆಳೆದ ಕಾಡುಭತ್ತದ ತೆನೆ ಮುಟ್ಟಿದೆ. ಮೀಸೆಯುಳ್ಳ ಕಾಳೆಲ್ಲ ಅಂಗೈಗೆ ಉದುರಿತು.

ನಾನು ಚಿಕ್ಕವಳಿದ್ದಾಗ ಅಜ್ಜಿ ಕಲ್ಯಾಣದಾಚೆ ತುಂಡು ಗದ್ದೆ ಮಾಡುತ್ತಿದ್ದಳು. ಅಲ್ಲಿ ಕಾಡುಭತ್ತದ ಕಾಟ. ಎಳೆಯದಿದ್ದಾಗ ಅದೂ ಊಟದ ಭತ್ತವೂ ಒಂದೇ ಥರ ಹಸಿರು. ಗುರುತು ಸಿಗಲೆಂದೇ ಅಜ್ಜಿ ಧಾರವಾಡದ ಕಡೆಯಿಂದ ನೇರಳೆ ಎಲೆಯ ಭತ್ತದ ಬೀಜ ತಂದು ಬಿತ್ತಿದ್ದಳು. ನನಗದು ತಿಳಿದಿರಲಿಲ್ಲ. "ಕಳೆ ಕೀಳು" ಎಂದಷ್ಟೇ ಹೇಳಿ ಬುತ್ತಿ ತರಲು ಹೋದಳು. ನಾನು ನೇರಳೆಯದನ್ನೆಲ್ಲ ಕಿತ್ತು ಬಿಸಿಲಿಗೆ ಒಗೆದೆ.

ಮರಳಿ ಬಂದವಳು ಬುತ್ತಿ ಹಿಡಿದೇ ಬದುವಿನ ಮೇಲೆ ಕುಸಿದಳು.

"ಏನ್ ಮಾಡಿದಿ ಯವ್ವಾ! ಬೀಜಕ್ಕೂ ಒಂದ್ ಕಾಳ್ ಉಳಿಸಿಲ್ಲ ನಾ!"

"ಪುಸ್ತಕದಾಗ ಭತ್ತ ಹಸಿರೇ ಐತಿ!"

"ಸುಡು ನಿನ್ನ ಪುಸ್ತಕ!"

ಉಳಿದ ಹಸಿರೆಲ್ಲ ಕಾಡುಭತ್ತವೇ; ಅದು ಮಾಗಿತು. ಊಟದ ಭತ್ತ ಕುಡುಗೋಲು ಬರುವವರೆಗೆ ಕಾಳು ಹಿಡಿದುಕೊಂಡಿರುತ್ತದೆ. ಇದು ಗಾಳಿ ಬೀಸಿದಷ್ಟಕ್ಕೇ ಕಾಳೆಲ್ಲ ಕೆಸರಿಗೆ ಉದುರಿಸಿತು. ಮನೆಗೆ ಒಂದು ಮುಷ್ಟಿಯೂ ಬರಲಿಲ್ಲ.

ಅಪ್ಪ ಕೇಳಿದಾಗ ಅಜ್ಜಿ, "ಮಳಿಗೆ ಕೊಳೀತಪಾ" ಅಂದಳು.

"ಮಳಿ ಅಲ್ಲ, ನಾನ ಕಿತ್ತೀನಿ" ಅಂದೆ. ಅಜ್ಜಿ ತೊಡೆ ಚಿವುಟಿದಳು.

ಆ ಬೀಜ ಮತ್ತೆ ಸಿಗಲಿಲ್ಲ. ಇವತ್ತು ಗೋದಾಮಿನಿಂದಲೇ ಅಜ್ಜಿಗೆ ಫೋನ್ ಮಾಡಿದೆ.

"ಇನ್ನಾದ್ರೂ ಮಳಿ ಅನ್ನು ಹುಡುಗಿ," ಅಂದಳು.

ಹಾಗನ್ನಲು ನನ್ನಿಂದ ಆಗಲಿಲ್ಲ. "ನಾನ ಕಿತ್ತೀನಿ" ಅಂದೆ.